ಜಾತಕವನ್ನು ಓದಲು ಕಲಿಯೋಣ, ಅದಕ್ಕೆ ಹೆದರಲು ಅಲ್ಲ

ಜಾತಕ ನೋಡಲು ಕಲಿಯಬೇಕೆಂಬ ಆಸೆ ಕೆಟ್ಟದ್ದಲ್ಲ. ಅದನ್ನು ಕಲಿಸುತ್ತಿರುವ ಕ್ರಮ ಕೆಟ್ಟದ್ದು. ಹೊಸಬನ ಕೈಗೆ ಕೊಡುವ ಮೊದಲ ಪಾಠವೇ ಫಲ: ಏಳರಲ್ಲಿ ಕುಜ ಇದ್ದರೆ ಹೀಗೆ, ಎಂಟರಲ್ಲಿ ಶನಿ ಇದ್ದರೆ ಹಾಗೆ. ಆ ಕುಜ ಏಳನೆಯ ಮನೆಗೆ ಹೇಗೆ ಬಂದ, ಯಾವ ಲೆಕ್ಕದಿಂದ ಬಂದ, ಬೇರೊಂದು ಲೆಕ್ಕ ಹಿಡಿದರೆ ಅಲ್ಲೇ ಉಳಿಯುತ್ತಾನೆಯೇ ಎಂಬ ಪ್ರಶ್ನೆ ಕೊನೆಯ ಪಾಠಕ್ಕೂ ಬರುವುದಿಲ್ಲ. ಅಕ್ಷರ ಕಲಿಸದೆ ತೀರ್ಪು ಓದಿಸುವ ಶಾಲೆ ಇದು. ಜಾತಕವನ್ನು ನಿಜವಾಗಿ ಓದಲು ಕಲಿತವನು ಅದಕ್ಕೆ ಹೆದರಲಾರ, ಇನ್ನೊಬ್ಬರನ್ನು ಅದರಿಂದ ಹೆದರಿಸಲೂ ಆರ ಎಂಬುದು ನನ್ನ ವಾದ. ಅದನ್ನು ಪುಣ್ಯ-ಪಾಪಗಳ ಮಾತಿನಿಂದಲ್ಲ, ಗಣಿತದಿಂದಲೇ ತೋರಿಸಬಹುದು.

ನಾಶಿಕ ಜಿಲ್ಲೆಯ ದಿಂಡೋರಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ದ್ರಾಕ್ಷಿತೋಟಗಳ ತಾಲ್ಲೂಕು, ಅಕ್ಕಲಕೋಟೆಯ ಸ್ವಾಮಿ ಸಮರ್ಥರ ಸೇವಾಮಾರ್ಗದ ಕೇಂದ್ರವಾಗಿಯೂ ಹೆಸರಾದ ಊರು. ಅಲ್ಲಿ ನೆಲೆಸಿದ ಕನ್ನಡ ಮನೆಯೊಂದರಲ್ಲಿ ಒಬ್ಬ ಹುಡುಗಿ ಹುಟ್ಟಿದಳೆನ್ನಿ. ಅವಳ ಕುಂಡಲಿಯನ್ನು ಸ್ಥಳೀಯ ಪುರೋಹಿತರು ಬರೆದುಕೊಡುತ್ತಾರೆ. ಧಾರವಾಡದ ಅಜ್ಜಿ ಅದನ್ನು ಕೈಗೆತ್ತಿಕೊಂಡರೆ ಓದಲಾಗುವುದಿಲ್ಲ. ನಮ್ಮಲ್ಲಿ ಕುಂಡಲಿಯೆಂದರೆ ಚೌಕ. ರಾಶಿಗಳು ಅಲ್ಲಿ ಸ್ಥಿರ; ಮೇಲಿನ ಸಾಲಿನ ಎರಡನೆಯ ಮನೆ ಎಂದೆಂದಿಗೂ ಮೇಷ; ಎಣಿಕೆ ಬಲಕ್ಕೆ ಸಾಗುತ್ತದೆ; ಲಗ್ನ ಯಾವುದೆಂದು ಬೇರೆ ಗುರುತು ಹಾಕಬೇಕು. ಮಹಾರಾಷ್ಟ್ರದ ಕುಂಡಲಿಯಲ್ಲಿ ಭಾವಗಳು ಸ್ಥಿರ, ರಾಶಿಗಳು ಚರ. ಮೇಲಿನ ನಡುವಣ ವಜ್ರಾಕೃತಿಯೇ ಸದಾ ಲಗ್ನ. ಎಣಿಕೆ ಎಡಕ್ಕೆ ಸಾಗುತ್ತದೆ. ಮನೆಯೊಳಗೆ ಬರೆದ ಅಂಕೆ ಮನೆಯ ಸಂಖ್ಯೆಯಲ್ಲ, ರಾಶಿಯ ಸಂಖ್ಯೆ. ಅಲ್ಲಿ ‘8’ ಎಂದಿದ್ದರೆ ಅದು ವೃಶ್ಚಿಕವೇ ಹೊರತು ಅಷ್ಟಮವಲ್ಲ. ಕನ್ನಡ ಪುಸ್ತಕ ಹಿಡಿದು ಮರಾಠಿ ಕುಂಡಲಿ ಓದಲು ಕುಳಿತ ಹೊಸಬ ಮೊದಲು ಎಡವುವುದು ಇಲ್ಲಿಯೇ. ಎರಡೂ ಚಿತ್ರಗಳು ಒಂದೇ ಆಕಾಶದವು. ಭೇದ ಬರವಣಿಗೆಯದು ಮಾತ್ರ. ಜಾತಕವೊಂದು ನಕಾಶೆ, ಆಕಾಶವಲ್ಲ ಎಂಬ ತಿಳಿವಳಿಕೆಗೆ ಇದೇ ಒಳ್ಳೆಯ ಆರಂಭ.

ಎರಡನೆಯ ಪಾಠ ಗಡಿಯಾರದ್ದು. ನಮ್ಮ ಗಡಿಯಾರಗಳು ತೋರಿಸುವುದು 82½ ಅಂಶ ಪೂರ್ವ ರೇಖಾಂಶದ ಸಮಯ. ದಿಂಡೋರಿ ಇರುವುದು ಸುಮಾರು 73 ಅಂಶ 50 ಕಲೆಯಲ್ಲಿ. ಅಂಶಕ್ಕೆ ನಾಲ್ಕು ನಿಮಿಷದಂತೆ ಎಣಿಸಿದರೆ ಅಲ್ಲಿನ ಸ್ಥಳೀಯ ಕಾಲ ಗಡಿಯಾರಕ್ಕಿಂತ ಸುಮಾರು 35 ನಿಮಿಷ ಹಿಂದೆ. ಈ ತಿದ್ದುಪಡಿಯನ್ನು ಮರೆತರೆ ಲಗ್ನ ಸರಾಸರಿ ಎಂಟೊಂಬತ್ತು ಅಂಶ ಜಾರುತ್ತದೆ. ರಾಶಿಯ ಅಗಲ 30 ಅಂಶವಾದ್ದರಿಂದ ಹತ್ತರಲ್ಲಿ ಸುಮಾರು ಮೂರು ಜಾತಕಗಳಿಗೆ ಲಗ್ನವೇ ಬದಲಾಗುತ್ತದೆ. ಲಗ್ನ ಬದಲಾದರೆ ಹನ್ನೆರಡು ಮನೆಗಳೂ ಬದಲಾಗುತ್ತವೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಸೆಪ್ಟೆಂಬರಿನಿಂದ 1945ರ ಅಕ್ಟೋಬರಿನವರೆಗೆ, ದೇಶದ ಗಡಿಯಾರಗಳನ್ನೇ ಒಂದು ಗಂಟೆ ಮುಂದಕ್ಕೆ ಇಟ್ಟಿದ್ದರು. ಅದನ್ನು ಕಳೆಯದೆ ಬರೆದ ಜಾತಕದಲ್ಲಿ ಲಗ್ನ ಅರ್ಧ ರಾಶಿಯಷ್ಟು ತಪ್ಪಿರುತ್ತದೆ. ನವಾಂಶದ ಮಾತಂತೂ ಬೇಡ: 3 ಅಂಶ 20 ಕಲೆಯ ಆ ತುಂಡನ್ನು ಲಗ್ನ ದಾಟುವುದಕ್ಕೆ ಸುಮಾರು 13 ನಿಮಿಷ ಸಾಕು. ಹೆರಿಗೆಯ ಕೋಣೆಯಲ್ಲಿ ‘ಹತ್ತೂವರೆ’ ಎಂದು ದುಂಡಗೆ ಬರೆದ ಸಮಯದ ಮೇಲೆ ದಾಂಪತ್ಯದ ಭವಿಷ್ಯವನ್ನು ನವಾಂಶದಿಂದ ನುಡಿಯುವವನು ಲೆಕ್ಕ ಮಾಡುತ್ತಿಲ್ಲ, ಲೆಕ್ಕದ ವೇಷ ಹಾಕಿದ್ದಾನೆ.

ಮೂರನೆಯ ಪಾಠ ಅಯನಾಂಶದ್ದು. ಹೆಚ್ಚಿನ ಪ್ರಾಥಮಿಕ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುವ ವಿಷಯ ಇದು. ವಸಂತ ಸಂಪಾತ ನಕ್ಷತ್ರಗಳ ನಡುವೆ ಹಿಂದೆ ಸರಿಯುತ್ತಿರುತ್ತದೆ. ನಿರಯಣ ಗಣನೆ ಮಾಡುವವರು ಆ ಸರಿತವನ್ನು ಕಳೆಯಬೇಕು. ಎಷ್ಟು ಕಳೆಯಬೇಕು? ನಮ್ಮ ನರಗುಂದದಲ್ಲಿ 1854ರಲ್ಲಿ ಹುಟ್ಟಿ ಬಾಗಲಕೋಟೆಯಲ್ಲಿ ಶಿಕ್ಷಕರಾಗಿದ್ದ ವೆಂಕಟೇಶ ಬಾಪೂಜಿ ಕೇತಕರರು ಚಿತ್ರಾ ನಕ್ಷತ್ರವನ್ನು ಆಧಾರವಾಗಿಟ್ಟು ಲೆಕ್ಕ ಕಟ್ಟಿದರು. ಮೇಘನಾದ ಸಾಹಾ ಅಧ್ಯಕ್ಷತೆಯ ಪಂಚಾಂಗ ಸುಧಾರಣಾ ಸಮಿತಿ 1955ರ ವರದಿಯಲ್ಲಿ ಚಿತ್ರಾಪಕ್ಷಕ್ಕೇ ಮನ್ನಣೆ ಕೊಟ್ಟಿತು; ಅದೇ ಇಂದು ಲಾಹಿರಿ ಅಯನಾಂಶವೆಂದು ಹೆಸರಾಗಿದೆ. ಬೆಂಗಳೂರಿನ ಬಿ.ವಿ. ರಾಮನ್ ಅವರ ಅಯನಾಂಶ ಇದಕ್ಕಿಂತ ಸುಮಾರು ಒಂದೂವರೆ ಅಂಶ ಕಡಿಮೆ. ಮಹಾರಾಷ್ಟ್ರದಲ್ಲಿ ಇಂದಿಗೂ ಅನುಯಾಯಿಗಳುಳ್ಳ ತಿಲಕ ಪಂಚಾಂಗವು ರೇವತಿಯನ್ನು ಆಧಾರವಾಗಿಟ್ಟುಕೊಂಡದ್ದು. ಅದರ ಅಯನಾಂಶ ಸುಮಾರು 4 ಅಂಶ ಕಡಿಮೆ.

ನಾಲ್ಕು ಅಂಶವೆಂದರೆ ಸಣ್ಣದೇನಲ್ಲ. ಒಂದು ನಕ್ಷತ್ರದ ವ್ಯಾಪ್ತಿ 13 ಅಂಶ 20 ಕಲೆ. ಲಾಹಿರಿಯಿಂದ ತಿಲಕ ಪಂಚಾಂಗಕ್ಕೆ ಹೋದರೆ ಹತ್ತು ಮಂದಿಯಲ್ಲಿ ಮೂವರ ಜನ್ಮನಕ್ಷತ್ರವೇ ಬೇರೆಯಾಗುತ್ತದೆ. ಇಪ್ಪತ್ತು ವರ್ಷದ ಶುಕ್ರದಶೆಯಲ್ಲಿ ಹುಟ್ಟಿದವನಿಗೆ, ನಕ್ಷತ್ರ ಬದಲಾಗದೆ ಉಳಿದರೂ, ದಶೆ ಮುಗಿಯುವ ವರ್ಷ ಸುಮಾರು ಆರು ವರ್ಷ ಹಿಂದಕ್ಕೆ ಸರಿಯುತ್ತದೆ. ಮದುವೆ ಯಾವಾಗ, ಕೆಲಸ ಯಾವಾಗ, ಕಂಟಕ ಯಾವಾಗ ಎಂದು ತಿಂಗಳ ನಿಖರತೆಯಲ್ಲಿ ಹೇಳುವ ಶಾಸ್ತ್ರ ತನ್ನ ಸೊನ್ನೆಯನ್ನು ಎಲ್ಲಿ ಇಡಬೇಕೆಂಬುದರಲ್ಲೇ ಆರು ವರ್ಷದ ಭಿನ್ನಾಭಿಪ್ರಾಯ ಇಟ್ಟುಕೊಂಡಿದೆ. ಖಗೋಳದಲ್ಲಿ ಇದು ತಪ್ಪಲ್ಲ. ಅಲ್ಲಿ ಸೊನ್ನೆ ಒಂದು ಒಪ್ಪಂದ, ಎಲ್ಲಿಟ್ಟರೂ ಗ್ರಹಣ ಅದೇ ಕ್ಷಣಕ್ಕೆ ಬರುತ್ತದೆ. ಫಲದಲ್ಲಿ ಹಾಗಲ್ಲ. ಒಪ್ಪಂದ ಬದಲಿಸಿದರೆ ಹಣೆಬರಹವೇ ಬದಲಾಗುವುದಾದರೆ, ಆ ಬರಹ ಹಣೆಯ ಮೇಲಿಲ್ಲ, ಒಪ್ಪಂದದಲ್ಲಿದೆ.

ಇಷ್ಟರವರೆಗೆ ಇದೊಂದು ಪಂಡಿತರ ಜಗಳವೆಂದು ಯಾರಾದರೂ ತಳ್ಳಿಹಾಕಬಹುದು. ಆದರೆ ಈ ಜಗಳದ ಬೆಲೆಯನ್ನು ತೆರುವವರು ಪಂಡಿತರಲ್ಲ, ಮದುವೆಯ ವಯಸ್ಸಿನ ಹೆಣ್ಣುಮಕ್ಕಳು. ಮೂಲಾ ಮಾವನಿಗಾಗದು, ಆಶ್ಲೇಷಾ ಅತ್ತೆಗಾಗದು, ಜ್ಯೇಷ್ಠಾ ಭಾವನಿಗಾಗದು, ವಿಶಾಖಾ ಮೈದುನನಿಗಾಗದು ಎಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಸತ್ತಿಲ್ಲ. ಇಪ್ಪತ್ತೇಳು ನಕ್ಷತ್ರಗಳಲ್ಲಿ ನಾಲ್ಕು ಎಂದರೆ ಏಳು ಹುಡುಗಿಯರಲ್ಲಿ ಒಬ್ಬಳು ಹುಟ್ಟುವಾಗಲೇ ಯಾರದೋ ಸಾವಿನ ಆರೋಪಿ. ಈಗ ಅಯನಾಂಶವನ್ನು ಇದಕ್ಕೆ ಜೋಡಿಸಿ ನೋಡಿ. ಲಾಹಿರಿಯಂತೆ ಜ್ಯೇಷ್ಠೆಯ ಕೊನೆಯ ಪಾದದಲ್ಲಿ ಹುಟ್ಟಿದವಳು ತಿಲಕ ಪಂಚಾಂಗದಂತೆ ಮೂಲಾ ನಕ್ಷತ್ರದವಳು. ಒಂದರಲ್ಲಿ ಭಾವನಿಗೆ ಕಂಟಕ, ಇನ್ನೊಂದರಲ್ಲಿ ಮಾವನಿಗೆ. ಲಾಹಿರಿಯಂತೆ ಮೂಲೆಯ ಕೊನೆಯ ಪಾದದವಳು ತಿಲಕ ಪಂಚಾಂಗದಲ್ಲಿ ಪೂರ್ವಾಷಾಢಾ, ಯಾರಿಗೂ ಕಂಟಕಳಲ್ಲ. ಹುಡುಗಿ ಅವಳೇ, ಮಾವನೂ ಅವನೇ. ಬದಲಾದದ್ದು ಪುರೋಹಿತರ ಕಪಾಟಿನಲ್ಲಿರುವ ಪುಸ್ತಕ.

ಕುಜದೋಷದ ಲೆಕ್ಕ ಇನ್ನೂ ಸ್ಪಷ್ಟ. ದಕ್ಷಿಣದ ರೂಢಿಯಲ್ಲಿ 2, 4, 7, 8, 12ನೆಯ ಮನೆಗಳ ಕುಜ ದೋಷಕಾರಿ. ಮಹಾರಾಷ್ಟ್ರದ ರೂಢಿಯಲ್ಲಿ ಸಾಮಾನ್ಯವಾಗಿ 1, 4, 7, 8, 12. ಹೀಗಾಗಿ ಲಗ್ನದಲ್ಲೇ ಕುಜನಿರುವ ಹುಡುಗಿ ದಿಂಡೋರಿಯಲ್ಲಿ ಮಂಗಳೀಕಳು, ಧಾರವಾಡದಲ್ಲಿ ನಿರ್ದೋಷಿ. ದ್ವಿತೀಯದಲ್ಲಿ ಕುಜನಿರುವವಳು ರೈಲು ಹತ್ತಿ ಉತ್ತರಕ್ಕೆ ಹೋದರೆ ದೋಷಮುಕ್ತಳು. ಯಾವ ಮನೆಯಲ್ಲಾದರೂ ಇರುವ ಸಂಭವ ಸಮಾನವೆಂದು ಇಟ್ಟುಕೊಂಡರೆ ಹನ್ನೆರಡರಲ್ಲಿ ಐದು ಮನೆಗಳೆಂದರೆ ನೂರಕ್ಕೆ ಸುಮಾರು 42 ಮಂದಿಗೆ ದೋಷ. ಲಗ್ನದಿಂದ ಮಾತ್ರ ಸಾಲದು, ಚಂದ್ರನಿಂದಲೂ ಶುಕ್ರನಿಂದಲೂ ನೋಡಬೇಕೆಂದು ಹೇಳುವವರ ಮಾತು ಕೇಳಿದರೆ ಮೂರೂ ಜರಡಿಗಳಿಂದ ಪಾರಾಗುವವರು ನೂರಕ್ಕೆ ಸುಮಾರು 20. ಉಳಿದ 80 ಮಂದಿ ದೋಷಿಗಳು. ಎರಡು ನಾಡಿನ ಪಟ್ಟಿಗಳನ್ನೂ ಕೂಡಿಸಿ ನೋಡುವ ಎಚ್ಚರದ ಬೀಗರು ಸಿಕ್ಕರೆ ಎಂಟರಲ್ಲಿ ಒಬ್ಬಳಷ್ಟೇ ಪಾರು.

ಇದಕ್ಕೆ ಶಾಸ್ತ್ರಜ್ಞರ ಉತ್ತರ ಸಿದ್ಧವಾಗಿದೆ: ‘ಪರಿಹಾರಗಳೂ ಅಪವಾದಗಳೂ ಇವೆಯಲ್ಲ, ಸ್ವಕ್ಷೇತ್ರದಲ್ಲಿದ್ದರೆ ದೋಷವಿಲ್ಲ, ಉಚ್ಚನಾದರೆ ಇಲ್ಲ, ಗುರುದೃಷ್ಟಿಯಿದ್ದರೆ ಇಲ್ಲ, ವರನಿಗೂ ಇದ್ದರೆ ಇಲ್ಲ.’ ನಿಜ, ಇವೆ. ನನ್ನ ಆಕ್ಷೇಪ ಇರುವುದೇ ಅಲ್ಲಿ. ಐವರಲ್ಲಿ ನಾಲ್ವರನ್ನು ಹಿಡಿಯುವ ನಿಯಮವೂ, ಹಿಡಿದವರಲ್ಲಿ ಬೇಕಾದವರನ್ನು ಬಿಡುವ ಅಪವಾದಗಳೂ ಒಬ್ಬನ ಕೈಯಲ್ಲೇ ಇದ್ದರೆ ಅದು ಶಾಸ್ತ್ರವಲ್ಲ, ಅಧಿಕಾರ. ಸಂಬಂಧ ಬೇಕಾದಾಗ ಅಪವಾದ ನೆನಪಾಗುತ್ತದೆ. ವರದಕ್ಷಿಣೆ ಸಾಲದೆಂದು ಹೇಳಲು ನಾಚಿಕೆಯಾದಾಗ ಕುಜ ನೆನಪಾಗುತ್ತಾನೆ. ಮಾತುಕತೆ ಮುರಿಯುವುದಕ್ಕೆ ಇಷ್ಟು ಮರ್ಯಾದಸ್ಥ ನೆಪ ಇನ್ನೊಂದಿಲ್ಲ. ಅದರ ಕಳಂಕ ಮಾತ್ರ ಹುಡುಗಿಯ ಜೊತೆ ಮುಂದಿನ ಮನೆಗೂ ಹೋಗುತ್ತದೆ.

ದಿಂಡೋರಿಯ ಜಿಲ್ಲೆಯಲ್ಲೇ ಇರುವ ತ್ರ್ಯಂಬಕೇಶ್ವರ ಕಾಲಸರ್ಪ ಶಾಂತಿಗೆ ದೇಶಪ್ರಸಿದ್ಧ. ಕನ್ನಡನಾಡಿನಿಂದಲೂ ಜನ ಹೋಗುತ್ತಾರೆ. ಗೋದಾವರಿ ಹುಟ್ಟುವ ಆ ಜ್ಯೋತಿರ್ಲಿಂಗ ಕ್ಷೇತ್ರಕ್ಕೆ ಭಕ್ತಿಯಿಂದ ಹೋಗುವವರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಭಯದಿಂದ ಹೋಗುವವರು ಒಂದು ಸಂಗತಿ ತಿಳಿದಿರಬೇಕು: ಹೋರಾಶಾಸ್ತ್ರದ ಮೂಲಸ್ತಂಭವೆನ್ನುವ ವರಾಹಮಿಹಿರನ ಬೃಹಜ್ಜಾತಕದಲ್ಲಿ ಕಾಲಸರ್ಪವೆಂಬ ಯೋಗದ ಹೆಸರೇ ಇಲ್ಲ. ಗ್ರಂಥ ಓದಿದವನಿಗೆ ಇಲ್ಲದ ಭಯ ಗ್ರಂಥ ಓದದವನಿಗೆ ಇದೆ. ಓದು ಯಾಕೆ ಬೇಕೆಂಬುದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

‘ಗಣಿತದಲ್ಲಿ ಭೇದವಿರಲಿ, ಅನುಭವದಲ್ಲಿ ಫಲ ಸರಿ ಬರುತ್ತದಲ್ಲ’ ಎನ್ನುವವರಿದ್ದಾರೆ. ಆ ಅನುಭವವನ್ನೂ ಪರೀಕ್ಷಿಸಿದ್ದಾಗಿದೆ, ಅದೂ ಮಹಾರಾಷ್ಟ್ರದಲ್ಲಿಯೇ. 2008ರಲ್ಲಿ ಖಗೋಳ ವಿಜ್ಞಾನಿ ಜಯಂತ ನಾರಳೀಕರರು ನರೇಂದ್ರ ದಾಭೋಳಕರ್ ಮೊದಲಾದವರೊಂದಿಗೆ ಸೇರಿ ಒಂದು ಪ್ರಯೋಗ ನಡೆಸಿದರು. ಪ್ರತಿಭಾವಂತ ಮಕ್ಕಳ 100, ಬುದ್ಧಿಮಾಂದ್ಯ ಮಕ್ಕಳ 100, ಹೀಗೆ 200 ಜಾತಕಗಳು. ಒಪ್ಪಿ ಬಂದ ಒಬ್ಬೊಬ್ಬ ಜ್ಯೋತಿಷಿಗೂ 40 ಜಾತಕ ಕಳುಹಿಸಿ, ಯಾವುದು ಯಾರದೆಂದು ಹೇಳುವಂತೆ ಕೇಳಲಾಯಿತು. ಉತ್ತರ ಕಳುಹಿಸಿದವರು 27 ಮಂದಿ. ಗೆಲ್ಲಲು 28 ಸರಿಯುತ್ತರ ಬೇಕಿತ್ತು. ಯಾರೂ ಅಲ್ಲಿಗೆ ತಲುಪಲಿಲ್ಲ. ಅತ್ಯುತ್ತಮ ಅಂಕ 24. ಸರಾಸರಿಯಂತೂ ನಾಣ್ಯ ಚಿಮ್ಮಿ ಹೇಳಿದ್ದರೆ ಬರುತ್ತಿದ್ದ 20ಕ್ಕಿಂತ ಕಡಿಮೆ. ಬುದ್ಧಿಶಕ್ತಿಯಂಥ ಸ್ಥೂಲ ಸಂಗತಿಯನ್ನೇ ಗುರುತಿಸಲಾಗದ ಕಣ್ಣಿಗೆ ಇಬ್ಬರ ಮುಂದಿನ ಐವತ್ತು ವರ್ಷದ ಸಂಸಾರ ಕಾಣುವುದು ಹೇಗೆ?

ಹಾಗಿದ್ದರೆ ಜಾತಕ ಕಲಿಯುವುದೇ ಯಾಕೆ, ಸುಟ್ಟುಹಾಕಿದರೆ ಮುಗಿಯಿತಲ್ಲ ಎನ್ನುವ ವಿಚಾರವಾದಿ ಮಿತ್ರರಿಗೂ ಒಂದು ಮಾತು. ನಾವು ಓದದೆ ಬಿಟ್ಟ ಕಾಗದವನ್ನು ಇನ್ನೊಬ್ಬರು ನಮಗೆ ಓದಿ ಹೇಳುತ್ತಾರೆ. ಹಂಗಿಸುವುದರಿಂದ ಯಾವ ತಾಯಿಯ ಭಯವೂ ಹೋಗಿಲ್ಲ. ಭಯ ಹೋಗುವುದು ಕೈಗೆ ಪಂಚಾಂಗ ಬಂದು, ತಾನೇ ಲಗ್ನ ತೆಗೆದು, ಒಂದು ತಿದ್ದುಪಡಿಗೆ ಮನೆಗಳೆಲ್ಲ ಮಗುಚುವುದನ್ನು ಕಂಡಾಗ. ಕಲಿಕೆಯಲ್ಲಿ ಸಂತೋಷವೂ ಇದೆ. ಹುಣ್ಣಿಮೆಯ ಜಾತಕದಲ್ಲಿ ಸೂರ್ಯ-ಚಂದ್ರರು ಎದುರುಬದುರು ಇರಲೇಬೇಕೆಂದೂ, ಬುಧ ಸೂರ್ಯನಿಂದ ಒಂದು ರಾಶಿಗಿಂತ ಆಚೆ ಹೋಗಲಾರನೆಂದೂ ತಿಳಿದ ಹುಡುಗ ಸಂಜೆ ತಲೆಯೆತ್ತಿ ಆಕಾಶ ನೋಡುತ್ತಾನೆ.

ಈ ವಿದ್ಯೆ ನಮ್ಮ ನುಡಿಗೆ ಹೊಸದೂ ಅಲ್ಲ. ನರಿಗುಂದದ ಶ್ರೀಧರಾಚಾರ್ಯ ‘ಜಾತಕತಿಲಕ’ವನ್ನು ಕನ್ನಡದಲ್ಲಿ ಬರೆದದ್ದು 1049ರಲ್ಲಿ. ಸಂಸ್ಕೃತದಲ್ಲಿ ಕೆಲವರ ಕೈಯಲ್ಲಿದ್ದುದನ್ನು ಕನ್ನಡದ ಓದುಗನ ಮುಂದೆ ತೆರೆದಿಟ್ಟವನು ಅವನು. ಕೇತಕರರು ಹುಟ್ಟಿದ ನೆಲವೂ ಅದೇ. ಭಾಸ್ಕರಾಚಾರ್ಯನ ಬಿಜ್ಜಡಬೀಡು ನಮ್ಮ ವಿಜಯಪುರವೋ ಮಹಾರಾಷ್ಟ್ರದ ಪಾಟಣವೋ ಎಂದು ಎರಡು ನಾಡುಗಳೂ ವಾದಿಸುತ್ತವೆ. ಆದರೆ ಎರಡೂ ನಾಡುಗಳು ಹೆಚ್ಚು ನೆನೆಯುವುದು ಅವನ ಗಣಿತವನ್ನಲ್ಲ, ಮುಹೂರ್ತ ತಪ್ಪಿ ಬಾಳು ಕೆಟ್ಟಿತೆನ್ನುವ ಮಗಳು ಲೀಲಾವತಿಯ ಕತೆಯನ್ನು. ಆ ಕತೆ ‘ಲೀಲಾವತಿ’ ಗ್ರಂಥದಲ್ಲಿಲ್ಲ. ನಮಗದು ದೊರೆಯುವುದು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲದ ಮೇಲೆ, 1587ರಲ್ಲಿ ಫೈಜಿ ಮಾಡಿದ ಪಾರಸಿ ಅನುವಾದದಲ್ಲಿ. ಗಣಿತದ ಪ್ರಶ್ನೆಗಳಿಗೆ ಉತ್ತರಿಸಬೇಕಾದ ಹೆಣ್ಣನ್ನೂ ನಾವು ಗ್ರಹಗತಿಯ ಬಲಿಯಾಗಿಯೇ ನೆನಪಿಟ್ಟುಕೊಂಡೆವು.

ಆದ್ದರಿಂದ ಹೊಸದಾಗಿ ಕಲಿಯುವವರಲ್ಲಿ ನನ್ನ ಕೋರಿಕೆ ಇಷ್ಟು. ಮೊದಲ ವರ್ಷ ಫಲದ ಪುಟಗಳನ್ನು ತೆರೆಯಬೇಡಿ. ಒಂದೇ ಜನ್ಮಕಾಲಕ್ಕೆ ಮೂರು ಅಯನಾಂಶಗಳಲ್ಲಿ ಮೂರು ಜಾತಕ ಬರೆಯಿರಿ. ಚೌಕದಲ್ಲೂ ವಜ್ರಾಕೃತಿಯಲ್ಲೂ ಬರೆಯಿರಿ. ಆಮೇಲೆ ಮದುವೆಯ ಮಾತುಕತೆಗೆ ಯಾರಾದರೂ ಕುಂಡಲಿ ಹಿಡಿದು ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಅಯನಾಂಶ? ಜನನ ಸಮಯವನ್ನು ಬರೆದವರು ಯಾರು, ಎಷ್ಟು ನಿಮಿಷದ ನಿಖರತೆಯಲ್ಲಿ? ದೋಷದ ಪಟ್ಟಿ ಯಾವ ನಾಡಿನದು? ಈ ಮೂರಕ್ಕೆ ಉತ್ತರ ಬಾರದ ಕಾಗದಕ್ಕೆ ಒಬ್ಬ ಹುಡುಗಿಯನ್ನು ಬೇಡವೆನ್ನುವ ಹಕ್ಕಿಲ್ಲ. ಉತ್ತರ ಬಂದರೂ ಇಲ್ಲ. ಆದರೆ ಕೇಳುವವರು ಹೆಚ್ಚಿದಷ್ಟೂ ಹೇಳುವವರ ದನಿ ತಗ್ಗುತ್ತದೆ.