ತಂತ್ರಾಂಶದೊಳಗೆ ಬಚ್ಚಿಟ್ಟ ಹೆಸರು

ಮೈಸೂರಿನ ರೈಲು ರಾಮನಗರದ ಬಂಡೆಗಳನ್ನು ದಾಟುವಾಗ ಕೈಫೋನಿನ ಅಂತರ್ಜಾಲ ಸಂಪರ್ಕವು ಕಡಿದರೆ ವಾಚಕರು ಬೇಸರಪಡಬೇಕಾಗಿಲ್ಲ. ಕ್ರೋಮ್ ಪುಟದಲ್ಲಿ ಪುಟ್ಟ ಡೈನೋಸಾರ್ ಒಂದು ನಿಂತಿರುತ್ತದೆ. ಅದನ್ನು ಬೆರಳಿನಿಂದ ತಟ್ಟಿರಿ. ಕಳ್ಳಿಗಿಡಗಳನ್ನು ಹಾರುತ್ತ ಓಡತೊಡಗುತ್ತದೆ. 2014ರಲ್ಲಿ ಸೇರಿಸಿದ ಆಟವಿದು. ಆಂಡ್ರಾಯ್ಡ್ ಫೋನಿನ ಆವೃತ್ತಿಯ ಸಂಖ್ಯೆಯನ್ನು ಮೇಲಿಂದ ಮೇಲೆ ಒತ್ತಿದರೂ ಇಂಥದೇ ಒಂದು ಬೆಡಗು ಹೊರಬರುವುದುಂಟು. ಮಕ್ಕಳಿಗೆ ಇದೆಲ್ಲ ಆಗಲೇ ಗೊತ್ತು, ಹೇಳುತ್ತಿರುವುದು ಹಿರಿಯರಿಗೆ.

ಈ ಚೇಷ್ಟೆಗೆ ಹೆಸರು ತಂದುಕೊಟ್ಟ ಕಥೆಯಲ್ಲಿ ಮಾತ್ರ ತಮಾಷೆಗಿಂತ ನೋವು ಹೆಚ್ಚು. ಅಮೆರಿಕದ ಅಟಾರಿ ಕಂಪನಿಯಲ್ಲಿ ವಾರನ್ ರಾಬಿನೆಟ್ ಎಂಬ ತರುಣನು ‘ಅಡ್ವೆಂಚರ್’ ಎಂಬ ಆಟವನ್ನು ಒಬ್ಬನೇ ಕುಳಿತು ರಚಿಸಿ 1979ರಲ್ಲಿ ಮುಗಿಸಿದನು. ಆಟ ಮಾಡಿದವನ ಹೆಸರನ್ನು ಪ್ರಕಟಿಸುವ ಪದ್ಧತಿ ಅಲ್ಲಿರಲಿಲ್ಲ. ಮಾರಾಟದ ಲಾಭದಲ್ಲಿ ಪಾಲೂ ಇಲ್ಲ. ರಾಬಿನೆಟ್ ಜಗಳಕ್ಕೆ ಹೋಗಲಿಲ್ಲ. ಆಟದೊಳಗೆ ಸಾಸಿವೆಗಿಂತ ಚಿಕ್ಕದಾದ ಬೂದು ಚುಕ್ಕೆಯೊಂದನ್ನು ಇರಿಸಿದನು. ಹಿನ್ನೆಲೆಯೂ ಬೂದು, ಯಾರ ಕಣ್ಣಿಗೆ ಬಿದ್ದೀತು? ಅದನ್ನು ಎತ್ತಿಕೊಂಡು ತಕ್ಕ ಗೋಡೆಯ ಬಳಿಗೆ ಬಂದವನಿಗೆ ಗುಪ್ತ ಕೋಣೆಯೊಂದು ತೆರೆಯುತ್ತಿತ್ತು. ಅಲ್ಲಿ, ಇದನ್ನು ರಚಿಸಿದವನು ವಾರನ್ ರಾಬಿನೆಟ್ ಎಂಬ ಅಕ್ಷರಗಳು ಬಣ್ಣ ಬದಲಿಸುತ್ತ ಹೊಳೆಯುತ್ತಿದ್ದವು!

ಗುಟ್ಟನ್ನು ಮೇಲಧಿಕಾರಿಗಳಿಗೆ ಹೇಳದೆಯೇ ಆತನು ಕೆಲಸ ಬಿಟ್ಟನು. 1980ರಲ್ಲಿ ಹದಿನೈದು ವರ್ಷದ ಹುಡುಗನೊಬ್ಬನು ಅದನ್ನು ಪತ್ತೆಮಾಡಿ ಕಂಪನಿಗೆ ಕಾಗದ ಬರೆದನು. ಸ್ಟೀವ್ ರೈಟ್ ಎಂಬ ಅಧಿಕಾರಿ ರಸಿಕನಿರಬೇಕು. ಇರಲಿ ಬಿಡಿ, ಈಸ್ಟರ್ ಹಬ್ಬದಲ್ಲಿ ಬಚ್ಚಿಟ್ಟ ಬಣ್ಣದ ಮೊಟ್ಟೆಗಳನ್ನು ಮಕ್ಕಳು ಹುಡುಕುವಂತೆ ಆಡುವವರು ಹುಡುಕಲಿ ಎಂದನು. ಅಂದಿನಿಂದ ಇಂಥವಕ್ಕೆ ‘ಈಸ್ಟರ್ ಮೊಟ್ಟೆ’ ಎಂದೇ ಹೆಸರಾಯಿತು.

ಮುಂದೆ ಈ ಹುಚ್ಚು ಬಲವಾಯಿತು. ಲೆಕ್ಕಪತ್ರಕ್ಕೆಂದು ಕೊಂಡ ಮೈಕ್ರೋಸಾಫ್ಟ್ ಎಕ್ಸೆಲ್ 97ರ ಹೊಟ್ಟೆಯಲ್ಲಿ ಹಾರಾಟದ ಆಟವೊಂದಿತ್ತು. ಬೆಟ್ಟಗಳ ಮೇಲೆ ಹಾರಿ ಹುಡುಕಿದರೆ ಅದನ್ನು ರಚಿಸಿದವರ ಹೆಸರುಗಳು ಸಿಗುತ್ತಿದ್ದವು. 2002ರಲ್ಲಿ ಸುರಕ್ಷತೆಯ ಕಟ್ಟುಪಾಡು ಬಿಗಿಯಾದ ಮೇಲೆ ಆ ಕಂಪನಿಯು ಇಂಥ ಗುಟ್ಟುಗಳಿಗೆ ತಡೆ ಹಾಕಿತು. ಅದು ನ್ಯಾಯವೇ. ಕನಕಪುರದಲ್ಲೋ ಮಾಗಡಿಯಲ್ಲೋ ರೈತನಿಗೆ ಪಹಣಿ ತೆಗೆದುಕೊಡುವ ಯಂತ್ರದೊಳಗೆ ಯಾರಿಗೂ ತಿಳಿಯದ ವಿಮಾನ ಹಾರುತ್ತಿದ್ದರೆ, ಅದರೊಡನೆ ಇನ್ನೇನು ಅಡಗಿದೆಯೆಂದು ಹೇಳುವವರು ಯಾರು? ಇಂದು ಉಳಿದಿರುವವು ಬಹುಮಟ್ಟಿಗೆ ಯಜಮಾನರ ಅಪ್ಪಣೆ ಪಡೆದ ತುಂಟತನಗಳು.

ಆದರೆ ಬಾಗಿಲು ಮುಚ್ಚಿದೊಡನೆ ರಾಬಿನೆಟ್ಟನ ಪ್ರಶ್ನೆ ತೀರಿತೆ? ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರನ್ನು ಬಹಿರಂಗವಾಗಿಯೇ ಕೆತ್ತಿದ್ದಾರೆ. ಅವರಿಗೆ ಗುಪ್ತ ಕೋಣೆ ಬೇಕಾಗಲಿಲ್ಲ. ನಮ್ಮ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಅದು ಕಾಯುವುದು ಊರಿನ ಹೆಸರನ್ನು. ಆಲೆ ಮರವನ್ನು ಕಡೆದು, ತಿರುಗುವ ಮರಕ್ಕೆ ಅರಗಿನ ಬಣ್ಣ ಹಿಡಿದವರ ಹೆಸರನ್ನು ಒಂದು ಚೀಟಿಯಲ್ಲಿ ಅಚ್ಚುಮಾಡಿ ಗೊಂಬೆಯ ಅಡಿಗೆ ಅಂಟಿಸಲು ಮಾರುವವರಿಗೆ ಎಷ್ಟು ಖರ್ಚಾದೀತು?