ಬೆಳಗಿನ ಆ ಅರ್ಧ ಗಂಟೆ

ಕಳೆದ ವರ್ಷ ನಮ್ಮ ದೊಡ್ಡಮ್ಮನಿಗೆ ಸ್ತನ ಕ್ಯಾನ್ಸರ್ ಆಪರೇಷನ್ ಆದ ಮೇಲೆ ಡಾಕ್ಟರು 15 ದಿನ ರೇಡಿಯೇಶನ್ ಬರೆದುಕೊಟ್ಟರು. ನಮ್ಮ ಮನೆಯಲ್ಲಿ ಅದಕ್ಕೆ ‘ಕರೆಂಟ್ ಕೊಡೋದು’ ಎಂದೇ ಹೆಸರು. ದೊಡ್ಡಮ್ಮ ದಿನಾ ಬೆಳಗ್ಗೆ ಹರಿಹರದಲ್ಲಿ ಬಸ್ಸು ಹತ್ತಿ ದಾವಣಗೆರೆಗೆ ಬರುತ್ತಿದ್ದರು. ಬಸ್ ಸ್ಟ್ಯಾಂಡಿನಿಂದ ಅವರನ್ನು ಬೈಕಿನಲ್ಲಿ ಆಸ್ಪತ್ರೆಗೆ ಬಿಟ್ಟು ಕಾಲೇಜಿಗೆ ಓಡುವುದು ನನ್ನ ಕೆಲಸ.

ಆರನೇ ದಿನ ಹೋದರೆ ‘ಮಷೀನ್ ಚೆಕಿಂಗ್ ನಡೀತಿದೆ, ಕೂತ್ಕೊಳ್ಳಿ’ ಅಂದರು. ಒಂಬತ್ತಾಯಿತು, ಹತ್ತಾಯಿತು. ಕಾಯುತ್ತಿದ್ದವರೆಲ್ಲ ಗೊಣಗತೊಡಗಿದರು. ಜಗಳೂರು ಕಡೆಯಿಂದ ಬಂದಿದ್ದ ಹಿರಿಯರೊಬ್ಬರು ‘ನಿನ್ನೆ ಸರಿಯಿದ್ದ ಮಷೀನನ್ನ ಇವತ್ತು ಏನ್ ಚೆಕ್ ಮಾಡ್ತಾರ್ರೀ?’ ಎಂದು ಜೋರಾಗಿಯೇ ಕೇಳಿದರು. ನನಗೂ ಅದೇ ಪ್ರಶ್ನೆ ಇತ್ತು. ಅಷ್ಟರಲ್ಲಿ ಒಳಗಿನಿಂದ ಬಂದ ಮೆಡಿಕಲ್ ಫಿಸಿಸಿಸ್ಟ್ ಸಮಾಧಾನವಾಗಿ ಹೇಳಿದರು: ‘ಇವತ್ತಿನ ರೀಡಿಂಗ್ ಮಿತಿಯಿಂದ ಹೊರಗೆ ಬಂದಿದೆ. ಅದು ಸರಿಯಾಗೋವರೆಗೆ ನಾನು ಸಹಿ ಹಾಕಲ್ಲ. ಸಹಿ ಇಲ್ಲದೆ ಯಾರಿಗೂ ಟ್ರೀಟ್‌ಮೆಂಟ್ ಇಲ್ಲ.’ ಅವತ್ತು ನನ್ನ ಇಂಟರ್ನಲ್ಸ್ ತಪ್ಪಿತು. ಆದರೆ ಪುಸ್ತಕದಲ್ಲಿ ಸಿಗದ ಒಂದು ವಿಷಯ ಸಿಕ್ಕಿತು.

ಲೀನಿಯರ್ ಆಕ್ಸಿಲರೇಟರ್ ಎಂಬ ಈ ಯಂತ್ರವನ್ನು ಪ್ರತಿದಿನ ರೋಗಿಗಳು ಬರುವ ಮೊದಲು ಪರೀಕ್ಷಿಸಬೇಕು. ಗೋಡೆಯ ಲೇಸರ್ ಗೆರೆಗಳು ಸರಿಯಾದ ಬಿಂದುವಿನಲ್ಲಿ ಕೂಡುತ್ತಿವೆಯೇ, ಬಾಗಿಲು ತೆರೆದರೆ ಕಿರಣ ತಾನಾಗಿ ನಿಲ್ಲುತ್ತದೆಯೇ, ಹೊರಬರುವ ಪ್ರಮಾಣ ನಿಗದಿಯಷ್ಟೇ ಇದೆಯೇ ಎಂದು ನೋಡಬೇಕು. ಪ್ರಮಾಣದಲ್ಲಿ ದಿನದ ಪರೀಕ್ಷೆಗೆ ಸಾಮಾನ್ಯವಾಗಿ ಶೇ 3, ತಿಂಗಳ ಪರೀಕ್ಷೆಗೆ ಶೇ 2ರಷ್ಟು ವ್ಯತ್ಯಾಸ ಮಾತ್ರ ಒಪ್ಪಿತ. ಹೆಚ್ಚಾದರೆ ಆರೋಗ್ಯವಂತ ಅಂಗಾಂಶ ಸುಡುತ್ತದೆ, ಕಡಿಮೆಯಾದರೆ ಗೆಡ್ಡೆ ಉಳಿಯುತ್ತದೆ. ಕಿರಣ ಕಣ್ಣಿಗೆ ಕಾಣುವುದಿಲ್ಲ, ಮೈಗೆ ತಾಕಿದ್ದೂ ಗೊತ್ತಾಗುವುದಿಲ್ಲ. ಹಾಗಾಗಿ ತಪ್ಪಾಗಿದೆ ಎಂದು ರೋಗಿ ಅಲ್ಲೇ ಹೇಳುವ ಹಾಗಿಲ್ಲ.

ಇಷ್ಟು ಕೇಳಿದ ಮೇಲೆ ಎಂಜಿನಿಯರಿಂಗ್ ವಿದ್ಯಾರ್ಥಿಯ ತಲೆಗೆ ಏನು ಬರುತ್ತದೋ ನನಗೂ ಅದೇ ಬಂತು. ಇದನ್ನೆಲ್ಲ ಆಟೊಮೇಟ್ ಮಾಡಬಹುದಲ್ಲ? ಮಿನಿ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದೆ. ಆ ಸರ್ ರೋಗಿಗಳ ಯಾವ ವಿವರವೂ ಇಲ್ಲದ ಕೆಲವು ಹಳೆಯ ರೀಡಿಂಗ್‌ಗಳನ್ನು ಕೊಟ್ಟರು. ಪೈಥಾನಿನಲ್ಲಿ ಪ್ರೋಗ್ರಾಂ ಬರೆದೆ.

ಇಲ್ಲಿ ಒಂದು ವಿಷಯ ಹೇಳಬೇಕು. ಕಿರಣವನ್ನು ಅಳೆಯುವ ಅಯಾನ್ ಚೇಂಬರಿನೊಳಗೆ ಸ್ವಲ್ಪ ಗಾಳಿ ಇರುತ್ತದೆ. ಗಾಳಿ ತೆಳುವಾಗಿದ್ದರೆ ರೀಡಿಂಗ್ ಕಡಿಮೆ ಬರುತ್ತದೆ. ಆದ್ದರಿಂದ ಕೋಣೆಯ ಉಷ್ಣಾಂಶ ಮತ್ತು ಗಾಳಿಯ ಒತ್ತಡವನ್ನು ನೋಡಿ ಲೆಕ್ಕ ತಿದ್ದಬೇಕು. ಒತ್ತಡವನ್ನು ಕೈಯಿಂದ ಯಾಕೆ ಬರೆಯಬೇಕು ಎಂದು ನಾನು ಹವಾಮಾನದ ಜಾಲತಾಣದಿಂದ ನೇರವಾಗಿ ತರಿಸಿಕೊಂಡೆ. ಅದು 1010 ಹೆಕ್ಟೊಪಾಸ್ಕಲ್ ಎಂದಿತು. ಉತ್ತರಗಳೆಲ್ಲ ಶೇ 7ರಷ್ಟು ಕಡಿಮೆ ಬಂದವು. ಯಂತ್ರವೇ ಕೆಟ್ಟಿತ್ತು, ನಾನೇ ಕಂಡುಹಿಡಿದೆ ಎಂಬ ಖುಷಿಯಲ್ಲಿ ಸರ್ ಬಳಿ ಓಡಿದೆ. ಅವರು ನಕ್ಕು ಗೋಡೆಯ ಬ್ಯಾರೊಮೀಟರ್ ತೋರಿಸಿದರು. ಅದರಲ್ಲಿ ಇದ್ದದ್ದು ಸುಮಾರು 940! ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. ಹವಾಮಾನದವರು ಕೊಡುವ ಒತ್ತಡ ಸಾಮಾನ್ಯವಾಗಿ ಸಮುದ್ರಮಟ್ಟಕ್ಕೆ ಇಳಿಸಿ ಹೇಳಿದ ಲೆಕ್ಕ. ನನ್ನ ಪ್ರೋಗ್ರಾಂ ದಾವಣಗೆರೆಯನ್ನು ಮಂಗಳೂರು ಮಾಡಿಬಿಟ್ಟಿತ್ತು.

ಆ ಉತ್ತರ ನಂಬಿ ಯಂತ್ರವನ್ನು ‘ಸರಿ’ ಮಾಡಿದ್ದರೆ? ದೊಡ್ಡಮ್ಮನಿಗೆ 15 ಸಲಕ್ಕೆ ಒಟ್ಟು 40 ಗ್ರೇ. ಅದರ ಶೇ 7 ಅಂದರೆ 2.8 ಗ್ರೇ, ಅಂದರೆ ಪೂರ್ತಿ ಒಂದು ದಿನದ ಚಿಕಿತ್ಸೆಗಿಂತ ಹೆಚ್ಚು. ಅದೂ ಒಬ್ಬರಿಗಲ್ಲ, ಆ ಯಂತ್ರದಡಿ ಮಲಗುವ ಪ್ರತಿಯೊಬ್ಬರಿಗೂ. ಪ್ರೋಗ್ರಾಮಿನಲ್ಲಿ ಒಂದೇ ಒಂದು ಎರರ್ ಬಂದಿರಲಿಲ್ಲ ಎಂಬುದು ನೆನಪಾದಾಗ ಈಗಲೂ ಕೈ ತಣ್ಣಗಾಗುತ್ತದೆ.

ಹಾಗಾದರೆ ಆಟೊಮೇಶನ್ ಬೇಡವೇ? ಬೇಕು ಎಂದೇ ನಾನು ಹೇಳುತ್ತೇನೆ, ಏಕೆಂದರೆ ಮನುಷ್ಯರೂ ತಪ್ಪುತ್ತಾರೆ. 1996ರಲ್ಲಿ ಕೋಸ್ಟರಿಕಾದ ಸಾನ್ ಹೊಸೆ ನಗರದ ಆಸ್ಪತ್ರೆಯಲ್ಲಿ ಹೊಸ ಕೋಬಾಲ್ಟ್ ಮೂಲ ಹಾಕಿದ ಮೇಲೆ ಲೆಕ್ಕ ತಪ್ಪಿತು. 0.3 ನಿಮಿಷ ಅಂದರೆ 18 ಸೆಕೆಂಡ್. ಅದನ್ನು 30 ಸೆಕೆಂಡ್ ಎಂದುಕೊಂಡರು. 115 ರೋಗಿಗಳು ಹೆಚ್ಚುವರಿ ವಿಕಿರಣಕ್ಕೆ ಒಳಗಾದರು, ಹಲವರು ಸತ್ತರು. ಇಂಥ ತಪ್ಪನ್ನು ಸ್ವತಂತ್ರವಾಗಿ ಲೆಕ್ಕ ಹಾಕುವ ಒಂದು ಸಣ್ಣ ಪ್ರೋಗ್ರಾಂ ಅಂದೇ ಹಿಡಿಯುತ್ತಿತ್ತು.

ಇನ್ನೂ ಕಾರಣಗಳಿವೆ. ಕಿರಣಕ್ಕೆ ಗೆಡ್ಡೆಯ ಆಕಾರ ಕೊಡುವ ಟಂಗ್‌ಸ್ಟನ್ ಎಲೆಗಳು ಅನೇಕ ಯಂತ್ರಗಳಲ್ಲಿ 120 ಇರುತ್ತವೆ. ಒಂದೊಂದೂ ನಿಂತ ಜಾಗವನ್ನು ಚಿತ್ರದಲ್ಲಿ ಕಣ್ಣಳತೆಯಿಂದ ನೋಡುವುದಕ್ಕಿಂತ ಕಂಪ್ಯೂಟರ್ ಚೆನ್ನಾಗಿ ಅಳೆಯುತ್ತದೆ. ಇದಕ್ಕಾಗಿ ಪೈಲಿನ್ಯಾಕ್ ಎಂಬ ಉಚಿತ, ಮುಕ್ತ ತಂತ್ರಾಂಶವೇ ಇದೆ. ಪ್ರಮಾಣ ದಿನಾ ಸ್ವಲ್ಪ ಸ್ವಲ್ಪವೇ ಸರಿಯುತ್ತಿದ್ದರೆ ಮಿತಿಯೊಳಗೇ ಇರುವಷ್ಟು ದಿನ ರಿಜಿಸ್ಟರಿನ ಪುಟಗಳಲ್ಲಿ ಗೊತ್ತಾಗುವುದಿಲ್ಲ, ಗ್ರಾಫಿನಲ್ಲಿ ತಕ್ಷಣ ಕಾಣುತ್ತದೆ. ಬರೆಯುವ, ಕೂಡುವ, ಕಳೆಯುವ ಕೆಲಸ ತಪ್ಪಿದರೆ ಫಿಸಿಸಿಸ್ಟ್ ಆ ಸಮಯವನ್ನು ಒಬ್ಬೊಬ್ಬ ರೋಗಿಯ ಯೋಜನೆ ಪರಿಶೀಲಿಸಲು ಕೊಡಬಹುದು. ನಮ್ಮಂಥ ಊರುಗಳಿಗೆ ಇದು ದೊಡ್ಡ ಲಾಭ. ಎಲ್ಲರೂ ಬೆಂಗಳೂರಿನ ಕಿದ್ವಾಯಿಗೇ ಹೋಗಿ ವಾರಗಟ್ಟಲೆ ಉಳಿಯಲು ಆಗುವುದಿಲ್ಲ.

ನನ್ನ ತಕರಾರು ಇರುವುದು ಮುಂದಿನ ಹೆಜ್ಜೆಗೆ. ‘ಎಲ್ಲ ತಂತ್ರಾಂಶವೇ ಮಾಡುತ್ತಲ್ಲ, ಇಷ್ಟು ಜನ ಯಾಕೆ?’ ಎಂದು ಯಾರಾದರೂ ಕೇಳುವ ದಿನಕ್ಕೆ. ಕೆನಡಾದಲ್ಲಿ ತಯಾರಾದ ಥೆರಾಕ್-25 ಯಂತ್ರದ ಕತೆಯನ್ನು ನಮ್ಮಲ್ಲಿ ಕೆಲವರು ಸಾಫ್ಟ್‌ವೇರ್ ಎಂಜಿನಿಯರಿಂಗ್ ಕ್ಲಾಸಿನಲ್ಲಿ ಕೇಳಿರಬಹುದು. ಹಿಂದಿನ ಮಾದರಿಗಳಲ್ಲಿದ್ದ ಯಾಂತ್ರಿಕ ತಡೆಗಳನ್ನು ಅದರಲ್ಲಿ ತೆಗೆದು ಎಲ್ಲವನ್ನೂ ತಂತ್ರಾಂಶಕ್ಕೆ ಬಿಟ್ಟರು. 1985ರಿಂದ 1987ರ ನಡುವೆ ಆರು ಮಂದಿಗೆ ಭೀಕರ ಪ್ರಮಾಣದ ವಿಕಿರಣ ತಗುಲಿತು, ಅವರಲ್ಲಿ ಕೆಲವರು ಸತ್ತರು. ಯಂತ್ರದಿಂದ ಹಾಗಾಗಲು ಸಾಧ್ಯವೇ ಇಲ್ಲ ಎಂಬ ಉತ್ತರ ಬರುತ್ತಿತ್ತು. ಕೊನೆಗೆ 1986ರಲ್ಲಿ ಅಮೆರಿಕದ ಟೈಲರ್ ಎಂಬ ಊರಿನ ಆಸ್ಪತ್ರೆಯ ಫಿಸಿಸಿಸ್ಟ್ ಮತ್ತು ಆಪರೇಟರ್ ಇಬ್ಬರೂ ಕೀಲಿಮಣೆ ಮುಂದೆ ಕೂತು, ಬೇಗ ಬೇಗ ಟೈಪ್ ಮಾಡಿ ತಿದ್ದಿದರೆ ಆ ದೋಷ ಬರುತ್ತದೆ ಎಂದು ತೋರಿಸಿಕೊಟ್ಟರು. ಆ ಇಬ್ಬರು ಬಿಡದೆ ಹುಡುಕಿದ್ದರಿಂದಲೇ ಅದು ಸಿಕ್ಕಿತು.

ಇದನ್ನೆಲ್ಲ ನಮ್ಮ ಅಜ್ಜನಿಗೆ ಹೇಳಿದೆ. ಅವರು ಹರಿಹರದ ಮೈಸೂರು ಕಿರ್ಲೋಸ್ಕರ್‌ನಲ್ಲಿ ಇನ್‌ಸ್ಪೆಕ್ಷನ್ ಸೆಕ್ಷನ್‌ನಲ್ಲಿದ್ದವರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾದರೂ ಡಯಲ್ ಗೇಜಿನ ಮಾತು ಬಂದರೆ ಎದ್ದು ಕೂರುತ್ತಾರೆ. ‘ಇದರಾಗೇನೈತಲೇ ಹೊಸದು? ಲೇತ್ ಕಟ್ಟಿದವನೇ ಅದನ್ನ ಪಾಸ್ ಮಾಡಂಗಿರಲಿಲ್ಲ. ನನ್ನ ಗೇಜನ್ನ ಚೆಕ್ ಮಾಡಾಕ ಬೇರೆ ಮಾಸ್ಟರ್ ಇರ್ತಿತ್ತು. ಸಾಹೇಬ್ರು ಬಂದು ಅರ್ಜೆಂಟ್ ಅಂದ್ರೂ ನಾನು ಬ್ಯಾಡ ಅಂದ ಲೇತ್ ಲಾರಿ ಹತ್ತುತಿರಲಿಲ್ಲ’ ಅಂದರು.

ಅಜ್ಜನ ಮೂರು ಮಾತೇ ನನ್ನ ಮೂರು ಬೇಡಿಕೆ. ಯಂತ್ರ ತಯಾರಿಸಿದವರ ತಂತ್ರಾಂಶವೊಂದೇ ಆ ಯಂತ್ರಕ್ಕೆ ಸರ್ಟಿಫಿಕೇಟ್ ಕೊಡಬಾರದು; ಬೇರೆ ಉಪಕರಣ, ಬೇರೆ ಲೆಕ್ಕ ಇರಲೇಬೇಕು. ಪರೀಕ್ಷಿಸುವ ತಂತ್ರಾಂಶಕ್ಕೂ ಪರೀಕ್ಷೆ ಬೇಕು; ಆಗಾಗ ಬೇಕೆಂದೇ ತಪ್ಪು ಅಂಕಿ ಕೊಟ್ಟು ಅದು ಹಿಡಿಯುತ್ತದೆಯೇ ನೋಡಬೇಕು. ಮತ್ತು ‘ಇವತ್ತು ಬೇಡ’ ಎನ್ನುವ ಅಧಿಕಾರ ಅರ್ಥವಾಗುವ ಮನುಷ್ಯನ ಕೈಯಲ್ಲೇ ಇರಬೇಕು. ಈ ಯಂತ್ರಗಳಿಗೆ ಪರವಾನಗಿ ಕೊಡುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಮೆಡಿಕಲ್ ಫಿಸಿಸಿಸ್ಟ್ ಮತ್ತು ವಿಕಿರಣ ಸುರಕ್ಷತಾ ಅಧಿಕಾರಿ ಕಡ್ಡಾಯ ಎಂದಿದೆ. ಆಟೊಮೇಶನ್ ಹೆಸರಿನಲ್ಲಿ ಆ ನಿಯಮ ಸಡಿಲವಾಗಬಾರದು.

ಸಹಪಾಠಿಗಳಿಗೂ ಒಂದು ಮಾತು. ಪ್ರತಿ ವರ್ಷ ಮುಖ ನೋಡಿ ಹಾಜರಿ ಹಾಕುವ ಪ್ರಾಜೆಕ್ಟನ್ನೇ ಎಷ್ಟು ಸಲ ಮಾಡೋಣ? ಭಾಭಾ ಅಣು ಸಂಶೋಧನಾ ಕೇಂದ್ರ ರೂಪಿಸಿದ ಭಾಭಾಟ್ರಾನ್ ಚಿಕಿತ್ಸಾ ಯಂತ್ರವನ್ನು ತಯಾರಿಸುವುದು ನಮ್ಮ ಬೆಂಗಳೂರಿನ ಪನೇಸಿಯಾ ಕಂಪನಿ. ಈ ಕ್ಷೇತ್ರ ನಮಗೆ ದೂರದ್ದೇನಲ್ಲ. ಆದರೆ ಕೋಡ್ ಬರೆಯುವ ಮೊದಲು ಒಂದು ಬೆಳಗ್ಗೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬನ್ನಿ.

ನನ್ನ ಪ್ರೋಗ್ರಾಂ ಈಗ ಒತ್ತಡವನ್ನು ಕೋಣೆಯಲ್ಲೇ ಇಟ್ಟ ಸೆನ್ಸರ್‌ನಿಂದ ಓದುತ್ತದೆ. ಅದು ಗೋಡೆಯ ಬ್ಯಾರೊಮೀಟರಿಗೆ ಹೊಂದುತ್ತಿದೆಯೇ ಎಂದು ನೋಡಿದವರು ‘ಹೌದು’ ಎಂದು ಒತ್ತದೆ ಮುಂದಕ್ಕೆ ಹೋಗುವುದಿಲ್ಲ. ಸರ್ ನೋಡಿ, ‘ಇದು ಇನ್ನೂ ಪ್ರಾಜೆಕ್ಟ್ ಅಷ್ಟೇ, ನನ್ನ ರಿಜಿಸ್ಟರ್ ನಿಲ್ಲಲ್ಲ’ ಅಂದರು. ನನಗೆ ಬೇಜಾರಾಗಲಿಲ್ಲ. ಆವತ್ತು ಹನ್ನೊಂದೂವರೆಗೆ ಯಂತ್ರ ಸರಿಹೋಗಿ, ಅವರು ಸಹಿ ಹಾಕಿದ ಮೇಲೆಯೇ ದೊಡ್ಡಮ್ಮನ ಹೆಸರು ಕರೆದಿದ್ದರು. ದೊಡ್ಡಮ್ಮ ಈಗ ಚೆನ್ನಾಗಿದ್ದಾರೆ. ಆ ದಿನ ಕಾಯಿಸಿದ್ದಕ್ಕೆ ಬೈದುಕೊಂಡಿದ್ದನ್ನು ನೆನೆದು ಈಗ ತಾವೇ ನಗುತ್ತಾರೆ.