ಬುಡದ ಸಾಲಿನಲ್ಲೂ ಕನ್ನಡಕ್ಕೆ ಜಾಗ ಬೇಕು!

ಕಂಪ್ಯೂಟರಿನ ಹಲವು ಕಿಟಕಿಗಳ ಬುಡದಲ್ಲೊಂದು ತೆಳು ಪಟ್ಟಿ ಕಂಡಿರುತ್ತೀರಿ. ಅದೇ ಸ್ಟೇಟಸ್ ಬಾರ್. ಎಷ್ಟನೇ ಪುಟ, ಕಡತ ಉಳಿಯಿತೋ ಇಲ್ಲವೋ, ಯಂತ್ರ ನಮಗೆ ವರದಿ ಒಪ್ಪಿಸುವುದು ಅಲ್ಲಿ.

ಆ ವರದಿ ಕನ್ನಡದಲ್ಲಿ ‘ಪುಟ 3 ರಲ್ಲಿ 10’ ಎಂದು ಬಂದರೆ? ಅರ್ಥವೇ ತಲೆಕೆಳಗು! ಅನುವಾದಕನನ್ನು ಬೈಯಬೇಡಿ. ಪ್ರೋಗ್ರಾಂ ಬರೆದವನು ‘ಪೇಜ್’ ಒಂದು ತುಂಡು, ‘ಆಫ್’ ಇನ್ನೊಂದು ತುಂಡು ಮಾಡಿ, ನಡುವೆ ಅಂಕಿ ತುರುಕಿ, ಪ್ಲಸ್ ಚಿಹ್ನೆಯಿಂದ ಅಂಟಿಸಿರುತ್ತಾನೆ. ಇಂಗ್ಲಿಷಿಗೆ ಅದು ಸರಿ. ಕನ್ನಡಕ್ಕೆ ಬೇಕಾದ್ದು ‘10ರಲ್ಲಿ 3ನೇ ಪುಟ’. ಅಂಕಿಗಳೇ ಅದಲು ಬದಲು. ತುಂಡುಗಳಿಂದ ಈ ವಾಕ್ಯ ಹುಟ್ಟುವುದು ಹೇಗೆ ಸ್ವಾಮಿ?

ಮದ್ದು ದೊಡ್ಡದಲ್ಲ. ಕಿಟಕಿ ಕಟ್ಟಲು ಬಳಸುವ ಕ್ಯೂಟಿಯಲ್ಲಿ ‘ಪೇಜ್ %1 ಆಫ್ %2’ ಎಂದು ಇಡೀ ವಾಕ್ಯವನ್ನು ‘ಟಿಆರ್’ ಒಳಗೆ ಬರೆಯಿರಿ. ಅನುವಾದಕ ಅದನ್ನು ‘%2ರಲ್ಲಿ %1ನೇ ಪುಟ’ ಎಂದು ತಿರುಗಿಸಿಕೊಳ್ಳುತ್ತಾನೆ. ಪುಟದ ಲೆಕ್ಕ ಸದಾ ಕಾಣಬೇಕು, ಅದಕ್ಕೆ ಆಡ್‌ಪರ್ಮನೆಂಟ್‌ವಿಜೆಟ್. ‘ಕಡತ ಉಳಿಯಿತು’ ಎನ್ನಲು ಶೋಮೆಸೇಜ್ ಸಾಕು; ಜೊತೆಗೆ 5000 ಎಂದು ಕೊಟ್ಟರೆ ಐದು ಸೆಕೆಂಡಿಗೆ ತಾನೇ ಅಳಿಯುತ್ತದೆ.

ಪಟ್ಟಿಯ ಎತ್ತರವನ್ನು ಇಂಗ್ಲಿಷ್ ಅಕ್ಷರಕ್ಕೆ ಅಳೆದು ಪಿಕ್ಸೆಲ್‌ನಲ್ಲಿ ಕಟ್ಟಿಹಾಕಲೂಬೇಡಿ. ‘ಸಿದ್ಧ’ ಎನ್ನುವಾಗ ಒತ್ತು ಕೆಳಗಿಳಿಯುತ್ತದೆ, ಜಾಗವಿಲ್ಲದಿದ್ದರೆ ಕತ್ತರಿಸಿಹೋಗುತ್ತದೆ. ಅಚ್ಚಿನ ಮನೆಯವನು ನಾನು. ಒತ್ತು ಕಳಕೊಂಡ ಅಕ್ಷರ ಕಂಡರೆ ಹೊಟ್ಟೆ ಉರಿಯುತ್ತದೆ!

ಕಂಪನಿಗಳಲ್ಲಿ ಕೋಡ್ ಬರೆಯುವ ನಮ್ಮ ಹುಡುಗ ಹುಡುಗಿಯರೇ, ನಾಳೆ ಬೆಳಿಗ್ಗೆ ಕೂತ ಕೂಡಲೇ ನಿಮ್ಮ ಕೋಡಿನಲ್ಲಿ ಆ ಪ್ಲಸ್ ಚಿಹ್ನೆಗಳನ್ನು ಹುಡುಕಿ.